ಬೀಳದ ಗೋಲಿ

ಹೊಳೆಯ ದಡದಲ್ಲಿ ಒಂದು ಮನೆ. ಆ ಮನೆಯಲ್ಲಿ ಮನಸ್ಸನ್ನು ಅಳೆಯುತ್ತಿದ್ದರು.

ಮನಸ್ಸಿನ ವಿಷಯ ಮಾತಾಡುವವರಿಗೆ ನಮ್ಮಲ್ಲಿ ಎಂದೂ ಬರವಿರಲಿಲ್ಲ. ಅಳೆದು ನೋಡುತ್ತೇನೆ ಎಂದು ತೋಳೇರಿಸಿದವರು ಮಾತ್ರ ಆ ಕಾಲಕ್ಕೆ ಹುಡುಕಿದರೂ ಸಿಗುತ್ತಿರಲಿಲ್ಲ. ವಾಮನರಾಯರು ಅಂಥವರು. ಸಮುದ್ರ ದಾಟಿ ಹೋಗಿ, ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರದ ಆ ವಿದ್ಯೆಯನ್ನು ಕಲಿತು, ಬರುವಾಗ ಒಂದು ಗಡಿಯಾರವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು.

ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿ ತೋರಿಸುವ ಗಡಿಯಾರ ಅದು.

ಊರಿನವರು ನಕ್ಕರು. "ರಾಯರೇ, ಮನಸ್ಸು ಸೇರಿಗೆಷ್ಟು?" ಎಂದು ಕೇಳಿದರು.

"ಅಳತೆ ಮುಗೀಲಿ, ಹೇಳ್ತೀನಿ," ಎಂದರು ರಾಯರು.

ಅಂಬುಜಾಕ್ಷಿ ಆ ಮನೆಗೆ ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು.

"ಗುರುಗಳೇ, ಕಾದ ಹೆಂಚು ತಾಗಿದರೆ ಮೊದಲು ಕೈ ಹಿಂದಕ್ಕೆ ಬರುತ್ತೆ. ಉರಿ ಗೊತ್ತಾಗೋದು ಆಮೇಲೆ. ಹಾಗಾದರೆ ಕೈ ಎಳೆದುಕೊಂಡವರು ಯಾರು?"

ರಾಯರು ಗಡಿಯಾರದಿಂದ ತಲೆ ಎತ್ತಿದರು.

"ಇದನ್ನ ಬೇರೆ ಯಾರನ್ನಾದರೂ ಕೇಳಿದ್ದೀಯಾ?"

"ಅಣ್ಣನ್ನ ಕೇಳಿದೆ. ಮೊದಲು ದೋಸೆ ತಿರುವಿಹಾಕು ಅಂದ."

"ಒಳಗೆ ಬಾ," ಎಂದರು ರಾಯರು.

ಒಳಗೆ ಬಂದದ್ದೇನೋ ಆಯಿತು. ಇರುವುದು ಅಷ್ಟು ಸುಲಭವಾಗಿರಲಿಲ್ಲ. ಮನೆ ನರಹರಿ ಶಾಸ್ತ್ರಿಗಳದು. ತರ್ಕದಲ್ಲಿ ಅವರದು ದೊಡ್ಡ ಹೆಸರು. ರಾಯರ ಮೇಲಿನ ವಿಶ್ವಾಸಕ್ಕೆ ಬಾಡಿಗೆಯಿಲ್ಲದೆ ಮನೆ ಕೊಟ್ಟಿದ್ದರು. ಗಂಡಸರ ನಡುವೆ ಒಬ್ಬಳು ಹೆಣ್ಣುಮಗಳು ಕಲಿಯಲು ಕೂತಳೆಂದು ಕೇಳಿ, ಕೋಲೂರಿಕೊಂಡು ಬಂದರು.

"ಮಳೆಗಾಲ ಕಳೆದ ಮೇಲೆ ಮತ್ತೆ ಬರ್ತೀನಿ, ರಾಯರೇ. ನಿಮ್ಮ ಆ ಅಳತೆಯ ಕುರ್ಚಿಗೆ ತಕ್ಕವಳಾಗಿದ್ದರೆ ಇರಲಿ. ಇಲ್ಲದಿದ್ದರೆ ಅಣ್ಣನ ಮನೆ ಇದ್ದೇ ಇದೆಯಲ್ಲ."

ರಾಯರು ಒಪ್ಪಿದರು. ಅಣ್ಣನ ಮನೆಯಲ್ಲಿ ತನಗೆ ಏನಿದೆ ಎಂದು ಅಂಬುಜಾಕ್ಷಿಗೆ ಗೊತ್ತಿತ್ತು. ಒಂದು ಹೆಂಚು ಇತ್ತು.

ಆ ಕುರ್ಚಿಯಲ್ಲಿ ಕೂರುವುದೂ ಒಂದು ವಿದ್ಯೆಯೇ.

ಕುರ್ಚಿಯ ಮುಂದೆ ಒಂದು ಪರದೆ. ಪರದೆಯ ಆಚೆ ರಾಯರು. "ಸಿದ್ಧ" ಎಂದು ಹೇಳಿ ಅವರು ಉಕ್ಕಿನ ಗೋಲಿಯೊಂದನ್ನು ಹಿತ್ತಾಳೆ ತಟ್ಟೆಯ ಮೇಲೆ ಬಿಡುತ್ತಿದ್ದರು. ಗೋಲಿ ತಾಗಿದ ಕೂಡಲೆ ಗಡಿಯಾರದ ಮುಳ್ಳು ಓಡತೊಡಗುತ್ತಿತ್ತು. ಈಚೆ ಕೂತವರು ಶಬ್ದ ಕೇಳಿದ ತಕ್ಷಣ ಗುಂಡಿ ಒತ್ತಬೇಕು. ಮುಳ್ಳು ನಿಲ್ಲುತ್ತಿತ್ತು. ಕಿವಿಗೂ ಬೆರಳಿಗೂ ನಡುವೆ ಮನಸ್ಸು ತೆಗೆದುಕೊಂಡ ಹೊತ್ತು ಅಲ್ಲಿ ನಿಂತಿರುತ್ತಿತ್ತು.

ಆಮೇಲೆ ರಾಯರು ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು. "ಒಳಗೆ ಏನಾಯಿತು?"

ಆದದ್ದನ್ನು ಆದಹಾಗೆ ಹೇಳಬೇಕು. ಚಂದ ಮಾಡಿ ಹೇಳಬಾರದು. ಮೊದಲ ದಿನದ ಪಾಠ ಅದು.

ಒಮ್ಮೊಮ್ಮೆ ರಾಯರು "ಸಿದ್ಧ" ಎನ್ನುತ್ತಿದ್ದರು, ಗೋಲಿ ಬಿಡುತ್ತಿರಲಿಲ್ಲ. ಆಗ ಬೆರಳು ಅಲುಗಬಾರದು. ಬೀಳದ ಗೋಲಿಗೆ ಗುಂಡಿ ಒತ್ತುವುದೆಂದರೆ ಆ ಮನೆಯಲ್ಲಿ ತಲೆ ತಗ್ಗಿಸುವ ಸಂಗತಿ. ಅಪ್ಪಿತಪ್ಪಿ ಒತ್ತಿದವರು ಕೂಡಲೆ "ಕೈ ಜಾರಿತು" ಎನ್ನುತ್ತಿದ್ದರು. ಹಾಗೆಂದರೆ ಆ ಸರದಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಡುವುದು ಅಲ್ಲಿಯ ರೂಢಿ. ಯಾರೂ ಕೆದಕುತ್ತಿರಲಿಲ್ಲ.

ಮೊದಮೊದಲು ಅಂಬುಜಾಕ್ಷಿಯ ಅಳತೆಗಳು ಚೆಲ್ಲಾಪಿಲ್ಲಿ. ಹಿರಿಯ ಶಿಷ್ಯ ಬಸವಲಿಂಗನಿಗೆ ಅದೇ ಒಂದು ತಮಾಷೆ.

"ಅಂಬುಜಾಕ್ಷಮ್ಮನೋರೇ, ನಿಮ್ಮ ಮನಸ್ಸು ಬೆಳಿಗ್ಗೆ ಕುದುರೆ, ಮಧ್ಯಾಹ್ನ ಎಮ್ಮೆ."

"ನಿಮ್ಮದು ಒಳ್ಳೇದು ಬಿಡಿ. ಯಾವ ಹೊತ್ತಲ್ಲಿ ನೋಡಿದರೂ ಎಮ್ಮೇನೇ."

ಪರದೆಯ ಆಚೆ ರಾಯರು ಕೆಮ್ಮಿದರು. ನಗುವನ್ನು ಅವರು ಕೆಮ್ಮಿನಲ್ಲಿ ಮುಗಿಸುತ್ತಿದ್ದರು.

ತಮಾಷೆಗೆ ಉತ್ತರ ಕೊಟ್ಟಳು, ನಿಜ. ಸಂಜೆ ಗುರುಗಳ ಮುಂದೆ ನಿಂತಾಗ ಅವಳ ಮುಖ ಇಳಿದುಹೋಗಿತ್ತು.

"ಎಷ್ಟು ಕಷ್ಟಪಟ್ಟರೂ ಒಂದೇ ಸಮ ಬರ್ತಿಲ್ಲ, ಗುರುಗಳೇ."

"ಕೂತಾಗ ಏನು ಮಾಡ್ತಿರ್ತೀಯ?"

"ಶಬ್ದಕ್ಕೆ ಕಾಯ್ತೀನಿ. ಶಾಸ್ತ್ರಿಗಳು ಬಂದಾಗ ಏನಾಗುತ್ತೋ ಅಂತಲೂ ಯೋಚಿಸ್ತೀನಿ."

"ಆ ಕುರ್ಚಿ ಹಳೇದು, ತಾಯಿ," ಎಂದರು ರಾಯರು. "ಇಬ್ಬರು ಕೂತರೆ ತಡೆಯಲ್ಲ."

ಅವಳು ಹೋಗಿ ಆ ಮಾತನ್ನು ಮೆಲುಕು ಹಾಕಿದಳು. ಮರುದಿನದಿಂದ ಒಬ್ಬಳೇ ಕೂರಲು ಕಲಿಯತೊಡಗಿದಳು.

ಮಳೆ ಬಂತು. ಹೊಳೆ ತುಂಬಿ ಮೆಟ್ಟಿಲುಗಳನ್ನು ಮುಳುಗಿಸಿತು, ಮತ್ತೆ ಇಳಿಯಿತು. ಅಷ್ಟರಲ್ಲಿ ಅಂಬುಜಾಕ್ಷಿಯ ಅಳತೆಗಳು ಒಂದರ ಪಕ್ಕ ಒಂದು ಬಂದು ನಿಲ್ಲತೊಡಗಿದವು. ಬಸವಲಿಂಗ ತಮಾಷೆ ಬಿಟ್ಟು ಅವಳ ಸರದಿಯನ್ನು ನಿಂತು ನೋಡತೊಡಗಿದ.

ಅವಳಿಗೆ ಹೆಮ್ಮೆಯಾಯಿತು. ಆಗದೆ ಏನು? ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಕ್ಷಣ ತನ್ನೊಳಗೆ ಎಷ್ಟು ಅಗಲವಿದೆ ಎಂದು ಸುತ್ತಲಿನ ಊರುಗಳಲ್ಲಿ ಯಾವ ಹೆಂಗಸಿಗೆ ಗೊತ್ತಿತ್ತು? ಹೊಳೆಯ ಕಡೆ ನೀರಿಗೆ ಹೋಗುವಾಗ ಅವಳ ಬೆನ್ನು ನೆಟ್ಟಗಿರುತ್ತಿತ್ತು. ಊರಿನ ಹೆಂಗಸರು ಅದನ್ನು ಸೊಕ್ಕು ಎಂದರು. ಅವಳು ತಿದ್ದಲು ಹೋಗಲಿಲ್ಲ.

ಹೇಳಿದ ಮಾತಿನಂತೆ ಶಾಸ್ತ್ರಿಗಳು ಬಂದರು. ಕುರ್ಚಿಯ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಕೂತರು.

"ಶುರುಮಾಡಿ ರಾಯರೇ."

"ಸಿದ್ಧ."

ಗೋಲಿ ಬಿತ್ತು. ಅವಳು ಒತ್ತಿದಳು. ಮುಳ್ಳು ನಿಂತಿತು. ಮತ್ತೆ ಬಿತ್ತು, ಮತ್ತೆ ಒತ್ತಿದಳು. ಪ್ರತಿ ಸಲವೂ ಮುಳ್ಳು ಹಿಂದೆ ನಿಂತ ಜಾಗದ ಆಸುಪಾಸಿನಲ್ಲೇ ಬಂದು ನಿಂತಿತು. ಶಾಸ್ತ್ರಿಗಳು ಮೊದಲು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಮುಂದಕ್ಕೆ ಬಾಗಿ ನೋಡಿದರು.

"ಪರವಾಗಿಲ್ಲವಲ್ಲ," ಎಂದರು.

ಬಸವಲಿಂಗ, ತಾನೇ ಗೆದ್ದವನ ಹಾಗೆ, ಹಲ್ಲು ಬಿಟ್ಟ.

"ಸಿದ್ಧ," ಎಂದರು ರಾಯರು.

ಅವಳು ಒತ್ತಿದಳು.

ಮುಳ್ಳು ಅಲುಗಿರಲೇ ಇಲ್ಲ. ಅದು ಹೊರಡುವ ಜಾಗದಲ್ಲೇ ಇತ್ತು.

ಗೋಲಿ ಬಿದ್ದಿರಲಿಲ್ಲ.

ಬಸವಲಿಂಗ ಅವಳ ಬೆನ್ನ ಹಿಂದೆ ಬಂದು ಮೆಲ್ಲಗೆ ಹೇಳಿದ, "ಕೈ ಜಾರಿತು ಅನ್ನಿ. ಬೇಗ ಅನ್ನಿ."

ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆ ಸರದಿ ಹೋಗುತ್ತಿತ್ತು, ಕುರ್ಚಿ ಉಳಿಯುತ್ತಿತ್ತು. ಅಣ್ಣನ ಮನೆಯ ದಾರಿ ಅವಳ ಪಾಲಿಗೆ ಅಲ್ಲಿಗೇ ಅಳಿಸಿಹೋಗುತ್ತಿತ್ತು.

"ಒಳಗೆ ಏನಾಯಿತು?" ಪರದೆಯ ಆಚೆಯಿಂದ ರಾಯರು ಕೇಳಿದರು.

ಅವಳು ಬೆರಳನ್ನು ನೋಡಿಕೊಂಡಳು. ಬೆರಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

"ಕೇಳಿಸಿತು, ಗುರುಗಳೇ. ಅದಕ್ಕೇ ಒತ್ತಿದೆ."

"ಏನು ಕೇಳಿಸಿತು?" ಎಂದರು ಶಾಸ್ತ್ರಿಗಳು.

"ಗೋಲಿ ಬಿದ್ದದ್ದು."

ರಾಯರು ಪರದೆ ಸರಿಸಿ ಈಚೆ ಬಂದರು. ಅವರ ಅಂಗೈಯಲ್ಲಿ ಗೋಲಿ ಇತ್ತು.

"ಇಲ್ಲಿದೆ ನೋಡಮ್ಮ."

"ಕಾಣ್ತಿದೆ."

"ಆದರೂ?"

"ಆದರೂ ಕೇಳಿಸಿತು. ಉಳಿದವಕ್ಕಿಂತ ಒಂದು ಎಳೆ ಸಣ್ಣಗಿತ್ತೇನೋ. ಅಷ್ಟೇ ವ್ಯತ್ಯಾಸ."

ಶಾಸ್ತ್ರಿಗಳು ತಲೆಯಾಡಿಸಿದರು. ಅವರೇನೂ ಕೆಟ್ಟವರಲ್ಲ.

"ಮಗೂ, ಕೈ ಜಾರಿತು ಅಂದುಬಿಡು. ಇಲ್ಲಿ ಅದಕ್ಕೆ ಮಾಫಿ ಇದೆಯಂತಲ್ಲ. ನೀನು ಈಗ ಹೇಳಿದ್ದು ನನಗೆ ಕೇಳಿಸಲಿಲ್ಲ ಅಂದುಕೊಳ್ತೀನಿ."

"ಜಾರಿದ್ದರೆ ಹೇಳ್ತಿದ್ದೆ, ಶಾಸ್ತ್ರಿಗಳೇ. ಜಾರಲಿಲ್ಲ." ಅವಳು ಗುಂಡಿಯಿಂದ ಬೆರಳು ತೆಗೆದಳು. "ಆಗದ್ದನ್ನ ಆಯಿತು ಅಂತ ಹೇಳಿ ಈ ಕುರ್ಚಿ ಉಳಿಸಿಕೊಂಡರೆ, ನಾಳೆಯಿಂದ ಇದರ ಮೇಲೆ ಕೂತು ನಾನು ಏನು ಹೇಳಿದರೂ ಬೆಲೆ ಎಲ್ಲಿಂದ ಬರುತ್ತೆ?"

ಬಸವಲಿಂಗ ಮುಂದೆ ಬಂದ.

"ಗುರುಗಳೇ. ಹೋದ ತಿಂಗಳು ನನ್ನ ಕೈ ಜಾರಿತ್ತಲ್ಲ."

"ಹೂಂ."

"ಜಾರಿರಲಿಲ್ಲ."

ರಾಯರು ಅವನನ್ನು ನೋಡಿದರು.

"ನನಗೂ ಕೇಳಿಸಿತ್ತು," ಎಂದ ಬಸವಲಿಂಗ. "ನಾಚಿಕೆಯಾಯಿತು."

ಶಾಸ್ತ್ರಿಗಳು ಕೋಲೂರಿ ಎದ್ದರು. "ನಿಮ್ಮ ಮನೆಯ ಕಥೆ ನೀವೇ ಇಟ್ಟುಕೊಳ್ಳಿ, ರಾಯರೇ. ಆಡಿದ ಮಾತು ಆಡಿದ ಮಾತೇ. ಇಲ್ಲದ್ದನ್ನ ಕೇಳಿಸಿಕೊಳ್ಳೋ ಹುಡುಗಿ ಇರೋದನ್ನ ಹೇಗೆ ಅಳೀತಾಳೆ?"

ಅಂಬುಜಾಕ್ಷಿಯೂ ಎದ್ದಳು. ಸೆರಗು ಹೊದ್ದುಕೊಂಡಳು. ಕಣ್ಣಲ್ಲಿ ನೀರು ಬರಬಹುದೆಂದು ಬಸವಲಿಂಗ ಮುಖ ತಿರುಗಿಸಿದ. ಬರಲಿಲ್ಲ. ಹೊಳೆಗೆ ಹೋಗುವಾಗ ಹೇಗೆ ನೆಟ್ಟಗೆ ನಡೆಯುತ್ತಿದ್ದಳೋ ಹಾಗೇ ಬಾಗಿಲ ತನಕ ನಡೆದಳು. ತಾನು ಕಲಿತದ್ದನ್ನು ಯಾರೂ ಕಸಿದುಕೊಳ್ಳುವ ಹಾಗಿಲ್ಲ ಎಂಬುದು ಅವಳಿಗೆ ಆಗ ಸ್ಪಷ್ಟವಾಗಿತ್ತು.

ಶಾಸ್ತ್ರಿಗಳು ಮಾತ್ರ ಹೊಸ್ತಿಲ ಬಳಿ ನಿಂತುಬಿಟ್ಟರು. ಕಾಲು ಹೊರಗೆ ಇಡಲು ಅವರ ತರ್ಕ ಬಿಡಲಿಲ್ಲ.

"ಒಂದು ಮಾತು, ರಾಯರೇ. ಹುಡುಗಿ ಸುಳ್ಳು ಹೇಳ್ತಿಲ್ಲ. ಸುಳ್ಳು ಹೇಳಿದ್ದರೆ ಅವಳಿಗೇ ಲಾಭವಿತ್ತು."

"ಹೌದು."

"ಗೋಲಿ ಬೀಳಲಿಲ್ಲ. ಅದೂ ನಿಜ."

"ಹೌದು."

"ಹಾಗಾದರೆ ಆ ಶಬ್ದ ಬಂದದ್ದು ಎಲ್ಲಿಂದ?"

"ನನಗೆ ಗೊತ್ತಿಲ್ಲ," ಎಂದರು ರಾಯರು. ಇಷ್ಟು ಹಿಗ್ಗಿನಿಂದ ಯಾರೂ ಆ ಮಾತನ್ನು ಹೇಳಿದ್ದನ್ನು ಶಾಸ್ತ್ರಿಗಳು ಕಂಡಿರಲಿಲ್ಲ. "ಇಷ್ಟು ದಿನ ಇಂಥ ಸರದಿಗಳನ್ನೆಲ್ಲ ಗುಡಿಸಿ ಹೊರಗೆ ಹಾಕಿದ್ದೀವಿ. ಎಲ್ಲಿಂದ ಬಂತು ಅಂತ ಗೊತ್ತಾಗಬೇಕಾದರೆ, ಕೇಳಿಸಿತು ಅಂತ ಹೇಳೋ ಧೈರ್ಯ ಇರುವವರು ಒಬ್ಬರು ಬೇಕು."

ಶಾಸ್ತ್ರಿಗಳು ಹೊಳೆಯ ಕಡೆ ನೋಡಿದರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ತಿರುಗಿ ಬಂದು, ಮಣೆಯ ಮೇಲೆ ಕೂತರು.

ಅಂಬುಜಾಕ್ಷಿ ಬಾಗಿಲಲ್ಲೇ ನಿಂತಿದ್ದಳು. "ನಾನು ಹೊರಡಲಾ, ಗುರುಗಳೇ?"

ರಾಯರು ಆಗಲೇ ಪರದೆಯ ಆಚೆ ಹೋಗಿಯಾಗಿತ್ತು.

"ಎಲ್ಲಿಗೆ? ಬಾ, ಕೂತ್ಕೋ. ಈ ಸಲ ಸಿದ್ಧ ಅಂದಾಗಲೇ ಮುಳ್ಳು ಓಡಿಸ್ತೀನಿ. ಬಿದ್ದದ್ದು ಎಲ್ಲರಿಗೂ ಕೇಳಿಸುತ್ತೆ. ಬೀಳದೇ ಇದ್ದದ್ದು ಎಷ್ಟು ಬೇಗ ಕೇಳಿಸುತ್ತೆ, ನೋಡೋಣ."