ಸುಂಕ ಕಲಿತ ಚಿಕ್ಕೀರ

ಹತ್ತಿರ ಬಂದು ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಆದರೆ ಅರ್ಧಕ್ಕೆ ಎದ್ದು ಹೋಗಬೇಡಿ.

ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ, ಚಿಕ್ಕೀರ. ಪೆದ್ದ ಅಂದರೆ ಪೆದ್ದ. ಹೇಳಿದ್ದಷ್ಟೂ ಮಾಡುತ್ತಿದ್ದ, ಹೇಳಿದ್ದಷ್ಟೇ ಮಾಡುತ್ತಿದ್ದ. ಅವನಪ್ಪ ಊರಬಾಗಿಲ ಸುಂಕದ ಕಟ್ಟೆಯಲ್ಲಿ ಕೂತು ಬಾಳಿದವನು. ಅಪ್ಪ ಸತ್ತ ಮೇಲೆ ಅವ್ವನಿಗೆ ಒಂದೇ ಕೊರಗು. ತಾನು ಕಣ್ಣು ಮುಚ್ಚುವುದರೊಳಗೆ ಮಗ ಆ ಕಟ್ಟೆಯಲ್ಲಿ ಕೂರಬೇಕು. ಇಲ್ಲದಿದ್ದರೆ ಇವನಿಗೆ ಅನ್ನ ಹಾಕುವವರು ಯಾರು?

ಸುಂಕದ ಯಜಮಾನ ಮಲ್ಲರಸಯ್ಯನ ಕಾಲಿಗೆ ಬಿದ್ದಳು. "ಬುದ್ಧಿ, ಇವನಿಗೆ ಸುಂಕದ ಕಾನೂನು ಕಲಿಸಿ!"

"ಕಲಿಯೋ ತನಕ ಮುದ್ರೆ ಕೈಗೆ ಕೊಡೋದಿಲ್ಲ ಕಣಮ್ಮ" ಅಂದ ಯಜಮಾನ. "ಕೇಳೋ ಚಿಕ್ಕೀರ. ಬಾಗಿಲು ದಾಟೋ ಹೊರೆಯಿಂದ ಒಂದು ಹಿಡಿ ತೆಗಿ, ಅರಮನೆಗೆ ಅಂತ ಇಟ್ಟಿರೋ ಈ ಗುಡಾಣಕ್ಕೆ ಸುರಿ. ಅಪ್ಪ ಆಗ್ಲಿ ಅವ್ವ ಆಗ್ಲಿ, ಮುಖ ನೋಡ್ಬೇಡ!"

ಸಂಜೆ ದ್ಯಾವಮ್ಮ ಕೂಲಿ ರಾಗಿ ಕಟ್ಟಿಕೊಂಡು ಬಂದಳು. ಚಿಕ್ಕೀರ ಮುಖ ತಿರುಗಿಸಿ ಒಂದು ಹಿಡಿ ತೆಗೆದೇ ತೆಗೆದ.

"ಅಯ್ಯೋ ನನ್ನ ಕರ್ಮವೇ! ಮನೆ ಅಂಬಲಿಗೆ ಸುಂಕವೇನೋ? ಮಾರೋಕೆ ತಂದದ್ದಕ್ಕೆ ಮಾತ್ರ ಕಣೋ! ಯಾತಕ್ಕೆ ತಂದ್ರಿ ಅಂತ ಕೇಳು!"

ಕೇಳಿದ. ಮೆಣಸಿನಕಾಯಿ ಸಾಹುಕಾರ ಎತ್ತಿನ ಸಾಲು ಹೊಡೆದುಕೊಂಡು ಬಂದಿದ್ದ. "ಊಟಕ್ಕಪ್ಪಾ" ಅಂದ. "ಹಾಗಾದ್ರೆ ಹೋಗಿ" ಅಂದ ಚಿಕ್ಕೀರ.

"ಇಷ್ಟು ಮೆಣಸಿನಕಾಯಿ ಒಬ್ಬನ ಊಟಕ್ಕೇನೋ, ದಡ್ಡ ಶಿಖಾಮಣಿ!" ಯಜಮಾನ ಕೂಗಾಡಿದ. "ಬಾಯಿಮಾತು ನಂಬಬೇಡ! ಗಂಟು ಬಿಚ್ಚಿ ನೋಡು!"

ಬಿಚ್ಚಿ ನೋಡಿದ. ತವರಿಂದ ಗಂಡನ ಮನೆಗೆ ಹೊರಟಿದ್ದ ಹೆಣ್ಣುಮಗಳ ಮಡಿಲಕ್ಕಿ! ಅಕ್ಕಿಯೆಲ್ಲ ಮಣ್ಣುಪಾಲು. ಆ ಮಗಳು ಅಲ್ಲೇ ಕೂತು ಅತ್ತಳು.

"ಪಾಪಿ! ತಾಯಿ ಕಟ್ಟಿದ ಗಂಟು ನಡುದಾರೀಲಿ ಬಿಚ್ಚಿಸ್ತಾರೇನೋ!" ಯಜಮಾನನ ಗಂಟಲು ಬಿದ್ದುಹೋಗಿತ್ತು. "ಇದೇ ಕೊನೇ ಪಾಠ. ಹಿಡಿ ತೆಗೆದ ಹೊರೆ ಮೇಲೆ ಕೆಮ್ಮಣ್ಣಿನ ಮುದ್ರೆ ಒತ್ತಬೇಕು. ಮುದ್ರೆ ಬಿದ್ದದ್ದನ್ನ ಮುಂದಿನ ಯಾವ ಕಟ್ಟೇಲೂ ತಡೆಯೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ, ಕಾಡೋ ಹಾಗಿಲ್ಲ."

"ಎಷ್ಟೇ ದೂರದ ಕಟ್ಟೆ ಆದ್ರೂನಾ?"

"ಎಷ್ಟೇ ದೂರದ್ದಾದ್ರೂ!"

ಆ ಹೊತ್ತಿಗೆ ದ್ಯಾವಮ್ಮ ಹಾಸಿಗೆ ಹಿಡಿದಿದ್ದಳು. "ಮೇಲೆ ಹೋಗೋ ದಾರೀಲೂ ಬಾಗಿಲುಗಳಿವೆಯಂತೆ ಮಗ. ಅಲ್ಲಿ ನನ್ನನ್ನ ಸುಮ್ಮನೆ ಬಿಡ್ತಾರೋ ಇಲ್ಲವೋ" ಅಂದಳು. ಮಗ ಮುದ್ರೆ ಹಿಡಿದು ಕಟ್ಟೆಯಲ್ಲಿ ಕೂತದ್ದನ್ನು ನೋಡದೆಯೇ ಹೋಗಿಬಿಟ್ಟಳು.

ಸುಡುಗಾಡು ಇದ್ದದ್ದು ಊರಬಾಗಿಲ ಆಚೆ. ಬಂದವರೆಲ್ಲ ದ್ಯಾವಮ್ಮನ ಬಾಯಿಗೆ ಅಕ್ಕಿ ಹಾಕಿ ಚಟ್ಟ ಎತ್ತಿದರು. ಚಿಕ್ಕೀರ ಬೆಂಕಿ ಮಡಕೆ ಹಿಡಿದು ಮುಂದೆ ನಡೆದ. ಕಟ್ಟೆ ಬಂತು. ಚಿಕ್ಕೀರ ಮಡಕೆ ಕೆಳಗಿಟ್ಟ.

"ಇಳಿಸಿ!"

ಜನ ಬೆಚ್ಚಿಬಿದ್ದು ಇಳಿಸಿದರು. ಅವನು ಮುಖ ಅತ್ತ ತಿರುಗಿಸಿ, ತಡಕಾಡಿ, ಅವ್ವನ ಬಾಯಿಯ ಮೇಲಿನ ಅಕ್ಕಿಯನ್ನು ಒಂದು ಹಿಡಿ ತೆಗೆದುಕೊಂಡ. ಕಟ್ಟೆಯಲ್ಲಿ ಕೂತಿದ್ದ ಯಜಮಾನನ ಮುಂದಿನ ಮುದ್ರೆಯನ್ನು ಎತ್ತಿ, ಕೆಮ್ಮಣ್ಣಲ್ಲಿ ಅದ್ದಿ, ಅವ್ವನ ಹಣೆಗೆ ಒತ್ತಿದ.

"ಥೂ, ಪೆದ್ದ ಮುಂಡೇದೇ! ಹೆತ್ತವಳಿಗೂ ಸುಂಕವೇನೋ!" ಜನ ಬೊಬ್ಬೆ ಹೊಡೆದರು.

"ಸುಂಕ ಕಟ್ಟಾಯ್ತು" ಅಂದ ಚಿಕ್ಕೀರ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಇನ್ನು ಮೇಲೆ ಯಾವ ಬಾಗಿಲಲ್ಲೂ ಅವ್ವನನ್ನ ತಡೆಯೋ ಹಾಗಿಲ್ಲ."

ಬೈಯಲು ಎದ್ದ ಮಲ್ಲರಸಯ್ಯ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟ. ಚಿಕ್ಕೀರ ಮುದ್ರೆಯನ್ನು ವಾಪಸು ಕೊಡಲು ಕೈ ಚಾಚಿದ. ಯಜಮಾನ ತೆಗೆದುಕೊಳ್ಳಲಿಲ್ಲ.

ಚಿಕ್ಕೀರ ಆ ಹಿಡಿ ಅಕ್ಕಿಯನ್ನು ಅರಮನೆಯ ಗುಡಾಣಕ್ಕೆ ಸುರಿದು ಬಂದ. ಆಮೇಲೆ ಬೆಂಕಿ ಮಡಕೆ ಎತ್ತಿಕೊಂಡು ಅವ್ವನ ಮುಂದೆ ನಡೆದ.