ಕೇಳಿ ಬಾ

ವೇದಾವತಿಯ ದಡದ ಆಶ್ರಮದಲ್ಲಿ ವಿದ್ಯೆ ಮುಗಿದವರನ್ನು ಬೀಳ್ಕೊಡುವ ಮುಂಜಾವು, ಗಂಟು ಕಟ್ಟಿ ನಿಂತ ಶಿಷ್ಯರಿಗೆ ಹಿರಿಯರು ಹೇಳುತ್ತಿದ್ದ ಕಥೆಯಿದು.

ಅಲ್ಲಿ ಗುಮ್ಮಟಾರ್ಯರು ಕಲಿಸುತ್ತಿದ್ದುದು ಒಬ್ಬನ ರೋಗಕ್ಕೆ ಮದ್ದರೆಯುವ ವಿದ್ಯೆಯನ್ನಲ್ಲ. ಊರಿಗೆ ಊರೇ ನರಳುವುದೇಕೆಂದು ಅರಸುವ ವಿದ್ಯೆಯನ್ನು.

ಅವರ ಶಿಷ್ಯ ಕೇತಯ್ಯನಿಗೆ ರಾಜಧಾನಿಯ ಆರೋಗ್ಯಶಾಲೆಯಿಂದ ವೈದ್ಯಪೀಠಕ್ಕೆ ಕರೆ ಬಂದಿತ್ತು. ಹುಣ್ಣಿಮೆಯೊಳಗೆ ಹೋಗದಿದ್ದರೆ ಆ ಪೀಠ ಬೇರೊಬ್ಬನ ಪಾಲು. ಗುರುಗಳ ಅಪ್ಪಣೆಯೊಂದೇ ಬಾಕಿ.

“ಹೊಳೆಯಾಚೆ ಕಲ್ಲುಕುಟಿಗರ ಹಟ್ಟಿಯಿದೆ,” ಎಂದರು ಗುರುಗಳು. “ಅವರ ಬಾಧೆಯೇನೆಂದು ಕೇಳಿ ಬಾ. ಆಮೇಲೆ ಅಪ್ಪಣೆ.”

ಬೆಳಗ್ಗೆ ಹೋದವನು ಸಂಜೆಯೊಳಗೆ ಹಿಂದಿರುಗಿದ. ಮುಖದಲ್ಲಿ ಗೆಲುವಿತ್ತು.

“ಕೇಳಿದೆಯಾ?”

“ಮನೆಮನೆಯಲ್ಲೂ ಕೇಳಿದೆ, ಗುರುಗಳೇ. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ.”

“ಏನು ಕೇಳಿಸಿತು?”

“ಚಳಿಜ್ವರ ಬರುತ್ತದೆಯೇ ಎಂದೆ, ಹೌದು ಎಂದರು. ನೀರು ಕಾಯಿಸಿ ಕುಡಿಯುತ್ತೀರಾ ಎಂದೆ, ಅದಕ್ಕೂ ಹೌದು ಎಂದರು.”

“ಅದು ಬೋಳುಗುಡ್ಡದ ಹಟ್ಟಿ. ಅಂಬಲಿ ಕಾಯಿಸುವುದಕ್ಕೇ ಸೌದೆ ಸಾಲದು. ನೀರು ಕಾಯಿಸಲು ಎಲ್ಲಿಂದ ತಂದರೋ?”

ಕೇತಯ್ಯನ ಗೆಲುವು ಇಳಿಯಿತು. “ಹಾಗಾದರೆ ನನಗೆ ಸುಳ್ಳು ಹೇಳಿದರೇ?”

“ಸುಳ್ಳಲ್ಲವೋ ಮಗು, ಉಪಚಾರ. ಬಿಸಿಲಲ್ಲಿ ಬೆಂದು ಬಂದ ಹುಡುಗ. ಇಲ್ಲವೆಂದು ಅವನ ಮುಖ ಬಾಡಿಸುವುದೇಕೆ ಎಂದುಕೊಂಡರು. ನೀನು ಹೊತ್ತು ತಂದದ್ದೆಲ್ಲ ನಿನ್ನ ದನಿಯೇ.”

ಗುರುಗಳು ಒಂದು ಅಳಲೆಕಾಯಿಯನ್ನು ಅವನ ಅಂಗೈಗಿಟ್ಟರು.

“ಇದನ್ನು ದವಡೆಯಲ್ಲಿಟ್ಟುಕೊ. ಉಗುಳಬೇಡ. ಮತ್ತೆ ಕೇಳಿ ಬಾ.”

“ಬಾಯಲ್ಲಿ ಇದಿದ್ದರೆ ಕೇಳುವುದು ಹೇಗೆ, ಗುರುಗಳೇ?”

“ಕಿವಿಯಲ್ಲೇನೂ ಇಡಲಿಲ್ಲವಲ್ಲ!”

ಹುಣ್ಣಿಮೆ ಹತ್ತಿರವಾಯಿತೆಂದು ಗೊಣಗಿಕೊಂಡೇ ಕೇತಯ್ಯ ಹೊಳೆ ದಾಟಿದ.

ಗಂಡಸರು ಬೀಸುಕಲ್ಲು ಕಟೆಯುತ್ತಿದ್ದ ಬಂಡೆಯ ನೆರಳಿನಲ್ಲಿ ಹೆಂಗಸರು ಕುಳಿತಿದ್ದರು. ಉಬ್ಬಿದ ಕೆನ್ನೆಯನ್ನು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ.

“ಏನು ವೈದ್ಯಪ್ಪಾ, ಹಲ್ಲುನೋವೇ? ಊರಿಗೆಲ್ಲ ಮದ್ದು ಹುಡುಕುವವನು, ನಿನ್ನ ಹಲ್ಲಿಗೇ ಸಿಕ್ಕಲಿಲ್ಲವೇ?”

ಕೇತಯ್ಯ ಗೋಣು ಆಡಿಸಿ ಕುಳಿತ. ಬಾಯೆಲ್ಲ ಒಗರು.

ನಕ್ಕು ದಣಿದವರು ತಮ್ಮತಮ್ಮಲ್ಲೇ ಮಾತಿಗಿಳಿದರು. ಅವನಿದ್ದುದೇ ಅವರಿಗೆ ಮರೆತುಹೋಯಿತು.

ಹೊತ್ತು ಇಳಿಯಿತು. ಹಿರಿಯಳಾದ ಸಂಕವ್ವ ತುಂಬುಬಸುರಿ ಸೊಸೆಯ ಕೈಹಿಡಿದು ಎಬ್ಬಿಸಿದಳು.

“ಏಳೇ ತಾಯಿ, ಬೆಳಕಿರುವಾಗಲೇ ಒಳಗೆ ಸೇರು. ನಿನ್ನೆಯ ಹಾಗೆ ಮತ್ತೆ ಎಡವೀಯೆ.”

ಕೇತಯ್ಯ ಥಟ್ಟನೆ ತಲೆಯೆತ್ತಿದ. ಪ್ರಶ್ನೆ ನಾಲಗೆಯ ತುದಿಗೆ ಬಂತು. ಒಗರಿನೊಡನೆ ಅದನ್ನೂ ನುಂಗಿದ.

ಸಂಕವ್ವನೇ ಅವನತ್ತ ತಿರುಗಿದಳು. “ಸಂಜೆಯಾದರೆ ಇವಳಿಗೆ ಕಣ್ಣು ಕಾಣದಪ್ಪಾ, ಬಸುರಾದಾಗಿನಿಂದ. ಇವಳೊಬ್ಬಳೇ ಅಲ್ಲ, ಈ ಹಟ್ಟಿಯ ಎಷ್ಟೋ ಬಸುರಿಯರು ಹೀಗೆಯೇ ಗೋಡೆ ತಡವುತ್ತಾರೆ. ಆವತ್ತು ನೀನು ಬರೀ ಜ್ವರ, ಜ್ವರ ಎಂದೆ. ಇದನ್ನು ಕೇಳಲೇ ಇಲ್ಲ.”

ಕೇತಯ್ಯ ಸುತ್ತಲೂ ನೋಡಿದ. ಗುಡ್ಡದ ಮೇಲೆ ಕಲ್ಲಿತ್ತು, ಕಲ್ಲಿನ ಪುಡಿಯಿತ್ತು. ಇರುಳುಗುರುಡಿಗೆ ಮದ್ದಾಗುವ ಸೊಪ್ಪು ಮಾತ್ರ ಕಿತ್ತು ಬೇಯಿಸಲು ಒಂದು ಹಿಡಿಯೂ ಇರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಅವನು ಆಶ್ರಮದ ಹಿತ್ತಿಲಲ್ಲಿ ನುಗ್ಗೆಯ ಕೊಂಬೆಗಳನ್ನು ಕಡಿದು ಹೊರೆ ಕಟ್ಟುತ್ತಿದ್ದ.

“ನಿನ್ನ ಗಂಟು ಕಟ್ಟಲಿಲ್ಲವೇನಯ್ಯ?” ಎಂದರು ಗುರುಗಳು.

“ನಾನು ಹಟ್ಟಿಯಲ್ಲೇ ಇದ್ದುಬಿಡುತ್ತೇನೆ, ಗುರುಗಳೇ. ಆ ಪೀಠ ಬೇಡ. ರಾಜಧಾನಿಯವರ ಓಲೆಯಲ್ಲೂ ಬರೀ ಜ್ವರದ ಮಾತು.”

ಗುರುಗಳು ಅವನ ಕೈಯಿಂದ ಕುಡುಗೋಲು ತೆಗೆದುಕೊಂಡು, ಬೆನ್ನು ಸವರಿದರು.

“ಕೊಂಬೆ ನೆಡಲು ನಾನಿದ್ದೇನೆ. ಹಟ್ಟಿಯಲ್ಲಿ ಹೇಳುವವರಿದ್ದಾರೆ, ಮಗು. ರಾಜಧಾನಿಯಲ್ಲಿ ಕೇಳುವವರಿಲ್ಲ. ಹೋಗು.”

ಕೇತಯ್ಯ ಹೋದ. ಹಟ್ಟಿಯಲ್ಲಿ ಮನೆಗೊಂದು ನುಗ್ಗೆಮರ ಬೆಳೆಯಿತು. ಅವನು ರಾಜಧಾನಿಯಲ್ಲೇ ಮುಪ್ಪಾದ. ದೂರದ ಊರುಗಳಿಂದ ಬಂದವರ ಎದುರು ಅವನು ಕುಳಿತಾಗಲೆಲ್ಲ ಒಂದು ಕೆನ್ನೆ ಉಬ್ಬಿರುತ್ತಿತ್ತು. ಆಸ್ಥಾನದವರು ಕೊನೆಯವರೆಗೂ ಅದನ್ನು ಹಲ್ಲುನೋವೆಂದೇ ತಿಳಿದಿದ್ದರು.