ಇಳಿಯುವುದನ್ನು ಕಲಿತವನು

ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ನಮ್ಮನ್ನು ಪ್ರೀತಿಸುವವರು ಹೇಳಿದ್ದನ್ನೆಲ್ಲ ಕೇಳಬೇಕೇ?”

ಗುರು ಅವನನ್ನು ಹತ್ತಿರ ಕೂರಿಸಿಕೊಂಡ. ಆಮೇಲೆ ಈ ಕತೆ ಹೇಳಿದ.

ಒಂದು ಊರಿನಲ್ಲಿ ತಿಪ್ಪೇಶ ಎಂಬ ಆಟಗಾರನಿದ್ದ. ಆರೂವರೆ ಅಡಿ ಎತ್ತರದ ಆಳು. ಆ ಊರಿನವರಿಗೆ ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಆ ಆಟದಲ್ಲಿ ಬುಟ್ಟಿಯ ಕೆಳಗೆ ನಿಂತು, ಎಲ್ಲರ ತಲೆಯ ಮೇಲಿಂದ ಚೆಂಡು ಹಿಡಿಯುವವನನ್ನು ಸೆಂಟರ್ ಎನ್ನುತ್ತಾರೆ. ತಿಪ್ಪೇಶ ಹದಿನಾರು ವರ್ಷ ಊರಿನ ತಂಡಕ್ಕೆ ಸೆಂಟರ್ ಆಗಿದ್ದ. ಅವನು ನೆಲ ಬಿಟ್ಟು ಮೇಲೆದ್ದರೆ ಆಟದ ಅಂಗಳದ ಸುತ್ತಲಿನ ಮೆಟ್ಟಿಲುಗಳ ಮೇಲೆ ಕುಳಿತವರು ಉಸಿರು ಬಿಗಿಹಿಡಿಯುತ್ತಿದ್ದರು.

ಆದರೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಬಲ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿತ್ತು. ಎಡ ಪಾದ ಒಮ್ಮೆ ಮುರಿದಿತ್ತು. ವರ್ಷಕ್ಕೊಂದು ಪೆಟ್ಟು, ವರ್ಷಕ್ಕೊಂದು ಪಟ್ಟಿ. ಪ್ರತಿ ಸಲವೂ ಎದ್ದು ಬರುತ್ತಿದ್ದ. ಮೂವತ್ತೇಳನೆಯ ವಯಸ್ಸಿನಲ್ಲಿ, ಬೇಸಿಗೆಯ ಮೊದಲ ಪಂದ್ಯದಲ್ಲೇ, ಬಲ ಮೊಣಕಾಲು ಮತ್ತೆ ಕೈಕೊಟ್ಟಿತು. ನಾಲ್ವರು ಎತ್ತಿಕೊಂಡು ಹೋಗಿ ಮನೆಯ ನಡುಮನೆಯಲ್ಲಿ ಮಲಗಿಸಿದರು.

ಮರುದಿನದಿಂದ ಜನ ಬರತೊಡಗಿದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಒಂದು ಹಣ್ಣು, ಒಂದು ಸಲಹೆ.

ನಿವೃತ್ತ ಹೆಡ್‌ಮಾಸ್ತರು ಬಂದು ಆಟ ಬಿಟ್ಟುಬಿಡು ಎಂದರು. ಕುಂಟುವ ತಿಪ್ಪೇಶನನ್ನು ತಮ್ಮಿಂದ ನೋಡಲಾಗದು ಎಂದರು. ಬಸ್ ಕಂಡಕ್ಟರ್ ಬಂದು ಬಿಡಲೇಕೂಡದು ಎಂದ. ನೀನು ಬಿಟ್ಟರೆ ನಾನು ಸಂಜೆಯ ಹೊತ್ತು ಎಲ್ಲಿಗೆ ಹೋಗಲಿ ಎಂದು ಮುಖ ಸಣ್ಣ ಮಾಡಿಕೊಂಡ. ಬುಟ್ಟಿಯ ಕೆಳಗಿನ ನೂಕುನುಗ್ಗಲು ಸಾಕು, ಇನ್ನು ದೂರ ನಿಂತು ಚೆಂಡು ಎಸೆ ಎಂದ ದರ್ಜಿ. ಬಳೆ ಅಂಗಡಿಯವಳು ಅನ್ನ ಬಿಡಿಸಿದಳು, ಮುದ್ದೆ ಹಿಡಿಸಿದಳು, ಒಂದು ಶೀಶೆ ಎಣ್ಣೆಯನ್ನೂ ಇಟ್ಟು ಹೋದಳು. ಹೊಸ ಬೂಟು ಹಾಕು ಎಂದವರಿದ್ದರು. ಹಳೆಯ ಬೂಟಿನಲ್ಲೇ ನಿನ್ನ ಅದೃಷ್ಟವಿದೆ ಎಂದವರೂ ಇದ್ದರು.

ತಿಪ್ಪೇಶ ಯಾರಿಗೂ ಆಗದು ಎನ್ನಲಿಲ್ಲ. ಹದಿನಾರು ವರ್ಷ ತನಗಾಗಿ ಗಂಟಲು ಹರಿದುಕೊಂಡವರು. ಅವರ ಮಾತು ತೆಗೆದುಹಾಕುವುದು ಹೇಗೆ?

ಎಣ್ಣೆ ಹಚ್ಚಿಕೊಂಡು ಮಧ್ಯಾಹ್ನ ಮಲಗಿದರೆ ಮಂಪರು ಬರುತ್ತಿತ್ತು. ಮಂಪರಿನಲ್ಲಿ ಒಂದೇ ಕನಸು. ಅವನು ಅಂಗಳದಿಂದ ಮೇಲೇಳುತ್ತಾನೆ. ಬುಟ್ಟಿ ಕೆಳಗೆ ಉಳಿಯುತ್ತದೆ. ದೀಪದ ಕಂಬಗಳು ಕೆಳಗೆ ಉಳಿಯುತ್ತವೆ. ಮೆಟ್ಟಿಲ ಮೇಲಿನ ಜನ ಮುಖವೆತ್ತಿ ಏನೋ ಹೇಳುತ್ತಿದ್ದಾರೆ. ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಗಾಳಿ ತಂಪಾಗಿದೆ. ಮೈಗೆ ಭಾರವೇ ಇಲ್ಲ. ಅಲ್ಲಿಗೆ ಎಚ್ಚರವಾಗುತ್ತಿತ್ತು. ಎದ್ದ ಮೇಲೂ ಬಹಳ ಹೊತ್ತು ಅವನು ತೊಲೆಗಳನ್ನು ನೋಡುತ್ತ ಮಲಗಿರುತ್ತಿದ್ದ.

ಮಳೆಗಾಲ ಕಳೆದ ಮೇಲೆ ಮತ್ತೆ ಆಡಲು ಹೋದ. ಮೊದಲ ಪಂದ್ಯದಲ್ಲಿ ದರ್ಜಿ ಹೇಳಿದಂತೆ ದೂರ ನಿಂತ. ಎಸೆದ ಚೆಂಡು ಬುಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಬುಟ್ಟಿಯ ಕೆಳಗೆ ಅವನಿಲ್ಲದ ಜಾಗದಲ್ಲಿ ಎದುರು ತಂಡದವರು ಮನೆ ಮಾಡಿಕೊಂಡರು. ತಂಡ ಸೋತಿತು.

ಎರಡನೆಯ ಪಂದ್ಯದಲ್ಲಿ ಹೆಡ್‌ಮಾಸ್ತರ ಮಾತಿಗೆ ಬೆಲೆ ಕೊಟ್ಟು ಬೆಂಚಿನ ಮೇಲೆ ಕುಳಿತ. ಕೊನೆಯ ಐದು ನಿಮಿಷ ಉಳಿದಾಗ ತಂಡ ಹಿಂದೆ ಬಿತ್ತು. ಮೆಟ್ಟಿಲುಗಳಿಂದ ಅವನ ಹೆಸರು ಕೇಳಿಸತೊಡಗಿತು. ತಿರುಗಿ ನೋಡಿದ. ಎಲ್ಲರಿಗಿಂತ ಮುಂದೆ ಹೆಡ್‌ಮಾಸ್ತರೇ ನಿಂತು ಅವನ ಹೆಸರು ಕೂಗುತ್ತಿದ್ದರು.

ತಿಪ್ಪೇಶ ಬೆಂಚಿನಿಂದೆದ್ದು ಆಟಕ್ಕೆ ಹೋದ. ಒಂದೇ ಸಲ ಹಾರಿದ. ಚೆಂಡು ಕೈಗೆ ಸಿಕ್ಕಿತು. ಅಂಗಳ ನಡುಗುವಂತೆ ಜನ ಕೂಗಿದರು. ಮರುಕ್ಷಣ ಅವನು ನೆಲದ ಮೇಲೆ ಮುದುಡಿಕೊಂಡು ಬಿದ್ದಿದ್ದ.

ಈ ಸಲ ಕಾಲು ಮುರಿದಿರಲಿಲ್ಲ. ಆದರೆ ಇನ್ನೊಂದು ಪೆಟ್ಟು ಬಿದ್ದರೆ ಜೀವನವಿಡೀ ಕೋಲು ಹಿಡಿಯಬೇಕಾಗುತ್ತದೆ ಎಂದು ವೈದ್ಯರು ಹೇಳಿದರು. ಮನೆಯಲ್ಲಿ ಮತ್ತೆ ಜನ ತುಂಬಿದರು. ಮತ್ತೆ ಹಣ್ಣು, ಮತ್ತೆ ಸಲಹೆ. ಒಂದು ಮಧ್ಯಾಹ್ನ ಅವನಿಗೆ ಉಸಿರುಕಟ್ಟಿದಂತಾಯಿತು. ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಕಾಲೆಳೆಯುತ್ತ ಊರಾಚೆಯ ತೆಂಗಿನ ತೋಟಕ್ಕೆ ಹೋಗಿ ನೆರಳಿನಲ್ಲಿ ಕುಳಿತ.

ತೋಟದಲ್ಲಿ ಗಾಳಿ ಮೆಲ್ಲಗೆ ಆಡುತ್ತಿತ್ತು. ಒಬ್ಬ ಮುದುಕ ಕಾಯಿ ಕಿತ್ತು ಮರದಿಂದ ಇಳಿಯುತ್ತಿದ್ದ. ಒಂದು ಕಾಲು ಊರಿ, ನಿಂತು, ಉಸಿರು ಬಿಟ್ಟು, ಆಮೇಲೆ ಇನ್ನೊಂದು ಕಾಲು. ಅವನಿಗೆ ಯಾವ ಅವಸರವೂ ಇರಲಿಲ್ಲ. ತಿಪ್ಪೇಶ ನೋಡುತ್ತಲೇ ಇದ್ದ. ಮುದುಕ ನೆಲ ಮುಟ್ಟಿದಾಗ ಸದ್ದೇ ಆಗಲಿಲ್ಲ.

ಮುದುಕ ಎಂದೂ ಆಟ ನೋಡಿದವನಲ್ಲ. ತಿಪ್ಪೇಶ ಯಾರೆಂದು ಅವನಿಗೆ ತಿಳಿಯದು. ಕಾಲಿನ ಪಟ್ಟಿ ನೋಡಿ ಕೇಳಿದ: “ಏನಾಯ್ತಪ್ಪ ಕಾಲಿಗೆ?”

“ಆಟದಲ್ಲಿ ಹಾರಿ ಬಿದ್ದೆ.”

“ಹಾರುವಾಗ ನೋಯುತ್ತದೋ, ಇಳಿಯುವಾಗ ನೋಯುತ್ತದೋ?”

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ತಿಪ್ಪೇಶನೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಮ್ಮೆ ಹಾರಿದ. ಮೇಲೇಳುವಾಗ ಮೈ ಹಗುರವಾಗಿತ್ತು. ಎಲ್ಲಿಯೂ ನೋವಿರಲಿಲ್ಲ. ಇನ್ನು ನೆಲ ಹತ್ತಿರ ಬಂತು ಎನ್ನುವಾಗ ಮೈಯೆಲ್ಲ ಬಿಗಿಯಿತು.

“ಇಳಿಯುವಾಗ,” ಎಂದ.

“ನನಗೂ ಹಾಗೇ ಇತ್ತು,” ಎಂದ ಮುದುಕ. “ಹತ್ತುವುದನ್ನು ಹತ್ತು ವರ್ಷಕ್ಕೇ ಕಲಿತೆ. ಇಳಿಯುವುದನ್ನು ಕಲಿತದ್ದು ಅರವತ್ತಾದ ಮೇಲೆ.” ಇಷ್ಟು ಹೇಳಿ ಕಾಯಿಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ.

ಆ ಚಳಿಗಾಲವೆಲ್ಲ ತಿಪ್ಪೇಶ ಬೆಳಗಿನ ಮಂಜಿನಲ್ಲಿ ಆಟದ ಅಂಗಳಕ್ಕೆ ಹೋದ. ಚೆಂಡು ಮುಟ್ಟಲಿಲ್ಲ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ನಿಂತು ನೆಲಕ್ಕೆ ಇಳಿದ. ಹತ್ತಿದ, ಮತ್ತೆ ಇಳಿದ. ಪಾದ ಊರುವಾಗ ಸದ್ದು ಕೇಳಿಸಿದರೆ ಮೊದಲಿನಿಂದ ಶುರು. ತಿಂಗಳ ಮೇಲೆ ಎರಡನೆಯ ಮೆಟ್ಟಿಲು ಹತ್ತಿದ. ಒಮ್ಮೊಮ್ಮೆ ಮಂಜಿನಲ್ಲಿ ನೆಲವೇ ಕಾಣುತ್ತಿರಲಿಲ್ಲ. ಕಾಲು ತಾನೇ ನೆಲವನ್ನು ಹುಡುಕಿಕೊಂಡು ಹೋಗಿ ಮುಟ್ಟುತ್ತಿತ್ತು. ವಾಕಿಂಗ್ ಬಂದ ಕಂಡಕ್ಟರ್ ಇದನ್ನು ನೋಡಿ, ಇದೆಂಥ ಅಭ್ಯಾಸ, ನಾಲ್ಕು ಸುತ್ತು ಓಡಬಾರದೇ ಎಂದ. ತಿಪ್ಪೇಶ ನಕ್ಕು ತಲೆಯಾಡಿಸಿದ. ಕಂಡಕ್ಟರ್ ಹೋದ ಮೇಲೆ ಮತ್ತೆ ಮೆಟ್ಟಿಲು ಹತ್ತಿದ.

ಮುಂದಿನ ಬೇಸಿಗೆಯಲ್ಲಿ ಆಡಿದ. ಪಂದ್ಯಕ್ಕೆ ಹತ್ತು ನಿಮಿಷ ಮಾತ್ರ. ಬುಟ್ಟಿಯ ಕೆಳಗೇ ನಿಂತ. ಬೇಕಾದಾಗ ಮಾತ್ರ ಹಾರಿದ. ಮೊದಲಿನಷ್ಟು ಎತ್ತರ ಹೋಗಲಿಲ್ಲ. ಜನರಲ್ಲಿ ಕೆಲವರಿಗೆ ನಿರಾಸೆಯಾಯಿತು. ಅವರು ಅದನ್ನು ಅವನಿಗೆ ಹೇಳಿದರು. ಅವನು ಕೇಳಿಸಿಕೊಂಡ.

ಪಂದ್ಯಾವಳಿಯ ಸೆಮಿಫೈನಲ್ ಪಂದ್ಯದ ಕೊನೆಯಲ್ಲಿ ಎರಡು ತಂಡಗಳೂ ಸಮಸಮವಾಗಿದ್ದವು. ಚೆಂಡು ಬುಟ್ಟಿಯ ಅಂಚಿಗೆ ತಾಗಿ ಚಿಮ್ಮಿತು. ತಿಪ್ಪೇಶ ಮೇಲೆದ್ದ, ಚೆಂಡನ್ನು ಬೆರಳ ತುದಿಯಿಂದ ಒಳಕ್ಕೆ ತಳ್ಳಿದ. ಊರೆಲ್ಲ ಎದ್ದು ನಿಂತಿತು. ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು. ಅವನು ಒಂದು ಪಾದ ಊರಿದ್ದನ್ನು, ಮೊಣಕಾಲು ಮೆತ್ತಗೆ ಬಾಗಿದ್ದನ್ನು, ಇನ್ನೊಂದು ಪಾದ ಊರಿ ನೆಟ್ಟಗೆ ನಿಂತದ್ದನ್ನು ಯಾರೂ ನೋಡಲಿಲ್ಲ. ಅವನಿಗೆ ಮಾತ್ರ ಆ ಗದ್ದಲವೆಲ್ಲ ಬಹಳ ದೂರದಿಂದ ಬರುವಂತೆ ಕೇಳಿಸಿತು. ಕಾಲ ಕೆಳಗೆ ನೆಲ ಬೆಚ್ಚಗಿತ್ತು.

ಆ ಪಂದ್ಯ ಗೆದ್ದರು. ಮುಂದಿನದನ್ನು ಸೋತರು. ಸೋತ ಸಂಜೆಯೇ ತಿಪ್ಪೇಶ, ಇನ್ನು ನಾನು ಆಡುವುದಿಲ್ಲ ಎಂದ. ಆ ದಿನ ಅವನಿಗೆ ಹಾಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕೋಲಿಲ್ಲದೆ ಮನೆಗೆ ನಡೆದುಕೊಂಡು ಹೋದ.

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಊರಿನವರ ಪ್ರೀತಿ ಸುಳ್ಳೇ?” ಎಂದು ಕೇಳಿದ.

“ನಿಜವೇ,” ಎಂದ ಗುರು. “ಆದರೆ ಹಾರುವಾಗ ಊರೆಲ್ಲ ಅವನ ಜೊತೆಗಿತ್ತು, ಇಳಿಯುವಾಗ ಅವನೊಬ್ಬನೇ ಇದ್ದ.”